ತಿಮ್ಮಿರಿ ಎಂದಳು, ತಿಮಿರು ಎಂದು ನಕ್ಕೆವು

ಹೋದ ತಿಂಗಳು ನಮ್ಮ ಬೀದಿಯ ಹುಡುಗಿಯೊಬ್ಬಳು ಬಂದು ನನ್ನ ಎದುರು ಕುಳಿತಳು. ಶಾಲೆಯಲ್ಲಿ ಟೀಚರು. ಬೆಂಗಳೂರಿನಲ್ಲಿ ಪರೀಕ್ಷೆಗಳನ್ನೆಲ್ಲ ಮಾಡಿ, ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದೆ ಎಂದು ಹೇಳಿದ್ದಾರೆ. ನೋಡುತ್ತಿರುವವರು ನರರೋಗಕ್ಕೆಂದೇ ಓದಿಕೊಂಡ ದೊಡ್ಡ ಡಾಕ್ಟರು.

"ತಾತಾ, ನೀವು ಡಾಕ್ಟ್ರ ಪಕ್ಕದಲ್ಲೇ ಆಯಸ್ಸು ಕಳೆದೋರು. ಈ ಡಾಕ್ಟ್ರು ನಂಗೆ ಸರಿಹೋಗೋರಾ ಅಲ್ವಾ ಅಂತ ಹೆಂಗೆ ತಿಳ್ಕೊಳ್ಳೋದು?" ಎಂದು ಕೇಳಿದಳು.

ಒಳ್ಳೆಯ ಹೆಸರಿದ್ದರೆ ಸಾಕಮ್ಮ ಎಂದೇನೋ ಹೇಳಿ ಕಳಿಸಿದೆ. ಅವಳು ಹೊಸಿಲು ದಾಟುವ ಮೊದಲೇ ನಾನು ಹೇಳಿದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಅದೇ ಪ್ರಶ್ನೆಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ನನ್ನ ಹೆಂಡತಿ ಕೇಳಿದ್ದಳು. ಅವಳಿಗಿದ್ದದ್ದೂ ಇದೇ ಕಾಯಿಲೆ ಎಂಬುದರಲ್ಲಿ ಈಗ ನನಗೆ ಅನುಮಾನವಿಲ್ಲ. ಆಗ ನಾನು ನಡೆದುಕೊಂಡದ್ದನ್ನು ಮಕ್ಕಳಿಗೂ ಹೇಳಿಲ್ಲ. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಅದರಲ್ಲೇ ಇರುವುದರಿಂದ ಬರೆದಿಡುತ್ತಿದ್ದೇನೆ.

ಕೋಲಾರದಲ್ಲಿ ಹೈಸ್ಕೂಲು ಮುಗಿಸಿದ ಮೇಲೆ ನಾನು ಶ್ರೀನಿವಾಸಪುರದ ಒಬ್ಬ ಡಾಕ್ಟರ ಷಾಪಿನಲ್ಲಿ ಕಾಂಪೌಂಡರಾದೆ. ಮಿಕ್ಸ್ಚರು ಕಲಸುವುದು, ಸೀಸೆಯ ಮೈಗೆ ಹಲ್ಲು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸುವುದು, ಹುಣ್ಣಿಗೆ ಪಟ್ಟಿ ಕಟ್ಟುವುದು. ಇವುಗಳಿಗಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಡಾಕ್ಟರು ಮೈಸೂರು ಕಡೆಯವರು. ತೆಲುಗು ಒಂದಕ್ಷರ ಬಾರದು. ಬರುವ ರೋಗಿಗಳಲ್ಲಿ ಮುಕ್ಕಾಲು ಪಾಲು ತೆಲುಗಿನವರು. ನಡುವೆ ನಾನು.

ಡಾಕ್ಟರು ಕೆಟ್ಟವರಲ್ಲ. ಕಾಲರಾ ಬಂದ ವರ್ಷ ಎತ್ತಿನ ಗಾಡಿ ಕಟ್ಟಿಸಿಕೊಂಡು ಹಳ್ಳಿಹಳ್ಳಿಗೆ ಹೋದವರು ಅವರು. ಆದರೆ ಅವಸರದ ಮನುಷ್ಯ. "ಪುರಾಣ ಬೇಡ, ಸಾರ ಹೇಳಯ್ಯಾ" ಎನ್ನುತ್ತಿದ್ದರು. ನಾನು ಸಾರ ತೆಗೆಯುವುದರಲ್ಲಿ ಪಳಗಿದೆ. ಗೌನಿಪಲ್ಲಿ ಕಡೆಯ ಮುದುಕಿಯೊಬ್ಬಳು ತನ್ನ ಹೊಟ್ಟೆನೋವನ್ನು ಎಮ್ಮೆ ಸತ್ತ ದಿನದಿಂದ ಹಿಡಿದು, ಸೊಸೆಯ ಕೈಯಡುಗೆಯ ಮೂಲಕ ತಂದು, ನಿನ್ನೆಯ ಸಂಜೆಗೆ ಮುಟ್ಟಿಸಿದರೆ ನಾನು ಡಾಕ್ಟರ ಕಡೆ ತಿರುಗಿ "ಹೊಟ್ಟೆನೋವು ಸಾರ್, ಊಟ ಸೇರಲ್ಲ" ಎನ್ನುತ್ತಿದ್ದೆ. "ಇಂತ ಚೆಪ್ತೇ ಅಂತೇನಾ ನಾಯನಾ?" ಎಂದು ಮುದುಕಿ ಕಣ್ಣರಳಿಸುತ್ತಿದ್ದಳು. ಇಷ್ಟು ಹೇಳಿದರೆ ಅಷ್ಟೇನಾ ಮಗನೇ ಎಂದು. ಬೆಂಚಿನ ಮೇಲೆ ಕುಳಿತವರು ನಗುತ್ತಿದ್ದರು. ನನಗೆ ಹೆಮ್ಮೆಯೆನಿಸುತ್ತಿತ್ತು.

ನನ್ನ ಹೆಂಡತಿಯ ತವರೂ ಗೌನಿಪಲ್ಲಿಯೇ. ಮನೆಮಾತು ತೆಲುಗು, ಕನ್ನಡ ಮದುವೆಯಾದ ಮೇಲೆ ಕಲಿತದ್ದು. ಮಾತುಗಾತಿ. ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಬಲಗಣ್ಣು ಉಜ್ಜಿಕೊಳ್ಳುತ್ತ ಬಂದು, "ಕಣ್ಣ ಮುಂದೆ ಅಕ್ಕಿ ತೊಳೆದ ನೀರು ಹಿಡಿದಂಗದೆ" ಎಂದಳು. ಡಾಕ್ಟರು ನೋಡಿ ಬಲಹೀನ ಎಂದು ಮೀನೆಣ್ಣೆ ಕೊಟ್ಟರು. ಕೆಲವು ವಾರದಲ್ಲಿ ಕಣ್ಣು ತಿಳಿಯಾಯಿತು. ಎಂಥ ಕೈಗುಣ ಎಂದು ನಾನು ಊರೆಲ್ಲ ಹೇಳಿದೆ. ಅದು ತಾನಾಗಿ ಬಂದು ತಾನಾಗಿ ಹೋದದ್ದು ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

ಮುಂದಿನ ವರ್ಷ ಕಾಲಿಗೆ ಬಂತು. ಮೊದಮೊದಲು ಅಂಗಾಲಿನಲ್ಲಿ ರಾಗಿ ರಾಶಿಯ ಮೇಲೆ ನಡೆದ ಹಾಗೆ, ಆಮೇಲೆ ಮೊಳಕಾಲಿನವರೆಗೆ ಮರಗಟ್ಟಿದ ಹಾಗೆ. ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಂಡ ದಿನ ಕಾಲು ಇನ್ನೂ ಬೀಳುತ್ತದೆ, ಕಣ್ಣೂ ಮಬ್ಬಾಗುತ್ತದೆ, ಮೈ ತಣ್ಣಗಾದ ಮೇಲೆ ಸರಿಹೋಗುತ್ತದೆ ಎಂದೂ ಹೇಳಿದಳು. ಬಿಸಿನೀರಿನಿಂದ ಯಾರಿಗಾದರೂ ಕಾಲು ಬೀಳುವುದುಂಟೇ? ಅದನ್ನು ಪುರಾಣದ ಲೆಕ್ಕಕ್ಕೆ ಸೇರಿಸಿ ಷಾಪಿಗೆ ಕರೆದುಕೊಂಡು ಹೋದೆ.

ಅವತ್ತು ನಾನು ಒಳಗಿನ ಕೋಣೆಯಲ್ಲಿ ಔಷಧಿ ಅರೆಯುತ್ತಿದ್ದೆ. ನಾನು ಬರುವವರೆಗೆ ಕಾಯದೆ ಡಾಕ್ಟರು ಅವಳನ್ನೇ ಕೇಳಿದರು. ಅವಳು ತನಗೆ ಬಂದ ಕನ್ನಡದಲ್ಲಿ, "ಕಾಲೆಲ್ಲಾ ತಿಮ್ಮಿರಿ ಸಾರ್" ಎಂದಳು.

ತೆಲುಗಿನಲ್ಲಿ ತಿಮ್ಮಿರಿ ಎಂದರೆ ಜೋಮು. ಕನ್ನಡದಲ್ಲಿ ತಿಮಿರು ಎಂದರೆ ಸೊಕ್ಕು. ದಿನಕ್ಕೆ ಹತ್ತು ಜನ ಆ ಮಾತು ಹೇಳಿದರೂ ಡಾಕ್ಟರ ಕಿವಿ ಮುಟ್ಟುವ ಹೊತ್ತಿಗೆ ನಾನು ಅದನ್ನು ಜೋಮು ಮಾಡಿರುತ್ತಿದ್ದೆ. ಕನ್ನಡದ ಮಾತಿನ ನಡುವೆ ಅವರು ಅದನ್ನು ಹಸಿಯಾಗಿ ಕೇಳಿದ್ದು ಅದೇ ಮೊದಲು.

ಡಾಕ್ಟರು ಕನ್ನಡಕ ತೆಗೆದು ಗಟ್ಟಿಯಾಗಿ ನಕ್ಕರು. "ಕೇಳಿದ್ಯೇನಯ್ಯಾ! ನಿನ್ನ ಹೆಂಡ್ತಿಗೆ ಕಾಲೆಲ್ಲಾ ತಿಮಿರಂತೆ! ತಲೆಗೆ ಏರೋದು ಕೇಳಿದ್ದೆ, ಕಾಲಿಗೂ ಇಳಿಯುತ್ತೆ ಅನ್ನು!"

ಬೆಂಚಿನವರೆಲ್ಲ ನಕ್ಕರು. ಪರದೆ ಸರಿಸಿ ಹೊರಗೆ ಬಂದ ನಾನೂ ನಕ್ಕೆ.

ಸಾರ್, ಅದು ತೆಲುಗು ಮಾತು, ಜೋಮು ಅಂತ, ಎಂದು ಒಂದು ಸಾಲು ಹೇಳಿದ್ದರೆ ಮುಗಿಯುತ್ತಿತ್ತು. ಅಷ್ಟು ಜನರೆದುರು ಡಾಕ್ಟರ ತಮಾಷೆ ಕೆಡಿಸಲು ನನಗೆ ಬಾಯಿ ಬರಲಿಲ್ಲ. ನಗು ಇಳಿದ ಮೇಲೆ ಅವರು "ಏನಯ್ಯಾ ನಿಜವಾಗಿ?" ಎಂದು ಕೇಳಿದರು. ಜೋಮು ಎಂದರೆ ತಿಮ್ಮಿರಿಯ ಅರ್ಥ ಬಿಡಿಸಬೇಕಾಗುತ್ತದೆ. "ಕಾಲುನೋವು ಸಾರ್" ಎಂದೆ.

"ಅಷ್ಟೇನಾ? ಚೆನ್ನಾಗಿ ಕಾವು ಕೊಡು" ಎಂದರು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಿಮಿರು ಎಂಬ ಕನ್ನಡ ಅವಳಿಗೆ ಬರುತ್ತಿತ್ತು. ನೋವು ಎಂಬುದೂ.

ಅವತ್ತು ಸಂಜೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ನಾನೇ ಅವಳ ಕಾಲಿಗೆ ಕಾವು ಕೊಟ್ಟೆ. ಹೆಂಡತಿಯ ಕಾಲು ಹಿಡಿದ ಗಂಡ ಎಂದು ಮನಸ್ಸಿನಲ್ಲಿ ಬೀಗುತ್ತಿದ್ದೆ ಕೂಡ.

"ಹತ್ತಿತಾ ಕಾವು?"

"ಇಲ್ಲ."

ಮತ್ತೆ ಹುರಿದು ತಂದು ಒತ್ತಿದೆ. "ಈಗ?"

"ಏನೂ ತಿಳೀತಿಲ್ಲ."

"ಎಮ್ಮೆ ಚರ್ಮ ಕಣೇ ನಿಂದು."

"ಅದೂ ನನ್ನ ತಿಮಿರೇ ಅನ್ನಿ" ಎಂದಳು.

ಸಿಟ್ಟು ಬಂದು ಗಂಟನ್ನು ಇನ್ನಷ್ಟು ಒತ್ತಿದೆ. ಬೆಳಿಗ್ಗೆ ನೋಡಿದರೆ ಮೀನಖಂಡದ ಮೇಲೆಲ್ಲ ಬೊಬ್ಬೆ. ಸುಟ್ಟದ್ದು ಅವಳಿಗೆ ತಿಳಿದೇ ಇರಲಿಲ್ಲ.

ಸುದ್ದಿ ಕೇಳಿ ಡಾಕ್ಟರು ಮನೆಗೇ ಬಂದರು. ಮುಲಾಮು ಹಚ್ಚುತ್ತ, ಕಾಲನ್ನು ಅಲ್ಲಲ್ಲಿ ಚುಚ್ಚಿ ನೋಡಿ, ಮುಖ ಗಂಟಿಕ್ಕಿದರು. "ಚರ್ಮಕ್ಕೆ ಅರಿವೇ ಇಲ್ಲವಲ್ಲಯ್ಯಾ! ನೀನು ನೋವು ಅಂದೆ. ಅರಿವಿಲ್ಲದ ಕಾಲಿಗೆ ಯಾರಾದ್ರೂ ಕಾವು ಕೊಡ್ತಾರಾ? ಯಾಕೆ ಹೇಳಲಿಲ್ಲ?"

"ಇವಳು ನಂಗೆ ಹೇಳಲಿಲ್ಲ ಸಾರ್" ಎಂದೆ. ಅವಳ ಎದುರಿಗೇ ಎಂದೆ.

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನನ್ನ ಬಾಳಿನಲ್ಲಿ ಬೇರೆ ತಪ್ಪುಗಳೂ ಇವೆ. ಆ ಒಂದು ಮಾತಿನಷ್ಟು ನೀಚವಾದದ್ದು ಇಲ್ಲ.

ಅಲ್ಲಿಂದ ಅವಳು ಕಾಯಿಲೆಯ ವಿಷಯ ಮಾತಾಡುವುದನ್ನು ಬಿಟ್ಟಳು. ಸಾರಿಗೆ ಉಪ್ಪು ಸಾಕಾ ಎಂದು ಕೇಳುವಳು, ಪಕ್ಕದ ಮನೆಯ ಮೇಕೆ ಸೊಪ್ಪು ತಿಂದ ಕಥೆ ಹೇಳುವಳು. ಕಾಲು ಹೇಗಿದೆ ಎಂದರೆ "ಅದೆ" ಎನ್ನುವಳು. ಸುಟ್ಟಗಾಯ ಮಾಗಿದ ಮೇಲೆ ಇನ್ನೊಮ್ಮೆ ಷಾಪಿಗೆ ಹೋಗೋಣವೆಂದೆ. ಆಗ ಕೇಳಿದಳು.

"ನಿಮ್ಮ ಡಾಕ್ಟ್ರು ನಂಗೆ ಸರಿಯಾದ ಡಾಕ್ಟ್ರಾ?"

"ಅವರಿಗಿಂತ ಓದಿದೋರು ಈ ತಾಲ್ಲೂಕಲ್ಲಿ ಯಾರವ್ರೆ?"

"ಓದಿದ್ದು ಕೇಳ್ಲಿಲ್ಲ ನಾನು. ನಾನು ಹೇಳಿದ್ದು ಒಂದು ಸಲನಾದ್ರೂ ಅವರ ಕಿವಿಗೆ ಹೋಗದಾ?"

"ನಾನು ಹೇಳ್ತೀನಲ್ಲ."

"ಅದಕ್ಕೇ ಕೇಳಿದ್ದು" ಎಂದಳು.

ಪಕ್ಕದ ಮನೆಯಲ್ಲಿ ಬಳೆ ಮಾರುವ ಸಾಬರಿದ್ದರು. ಅವರ ಹೆಂಡತಿ ನನ್ನ ಹೆಂಡತಿಯ ಜೀವದ ಗೆಳತಿ. ಆಕೆ ಕೋಲಾರದ ಒಂದು ಆಸ್ಪತ್ರೆಯ ಲೇಡಿ ಡಾಕ್ಟರ ವಿಷಯ ಹೇಳಿದಳು. "ಅಕ್ಕಾ, ಆ ಡಾಕ್ಟರ್ನಿ ಕೈ ಹಿಡ್ಕೊಂಡು ಕೇಳ್ತಾಳೆ ನೋಡು. ನಮ್ದು ಬಾತ್ ಮುಗಿಯೋಗಂಟ ಕುರ್ಚಿ ಬಿಟ್ಟು ಏಳಾಕಿಲ್ಲ. ತೆಲುಗೂ ಬತ್ತದೆ." ಹೋಗೋಣ ಎಂದು ನನ್ನ ಹೆಂಡತಿ ಕೇಳಿದಳು. ಮಾವಿನ ಕಾಲ ಕಳೆಯಲಿ ಎಂದೆ. ಆ ದಿನಗಳಲ್ಲಿ ವ್ಯಾಪಾರಿಗಳು, ಗಾಡಿಯವರು ಊರು ತುಂಬಿ ಷಾಪಿನಲ್ಲಿ ಬಿಡುವಿರುವುದಿಲ್ಲ, ಅದು ನೆಪ. ಕಾಂಪೌಂಡರ ಹೆಂಡತಿಯೇ ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋದಳು ಎಂದರೆ ನಮ್ಮ ಡಾಕ್ಟರ ಮರ್ಯಾದೆ ಏನಾಗುತ್ತದೆ ಎಂಬುದು ನನ್ನ ಚಿಂತೆ. ಡಾಕ್ಟರು ಹಾಗೆಂದು ಎಂದೂ ಹೇಳಿದವರಲ್ಲ. ಮಾವು ಮುಗಿದ ಮೇಲೆ ಆಷಾಢ ಕಳೆಯಲಿ ಎಂದೆ.

ಆಷಾಢದಲ್ಲಿ ಎಡಗಣ್ಣಿಗೆ ಮಬ್ಬು ಬಂತು. ನನಗೆ ಹೇಳಲಿಲ್ಲ. ಒಂದು ಬೆಳಿಗ್ಗೆ ನಾನು ಸಂತೆಯಿಂದ ಸೊಪ್ಪು ಹಿಡಿದು ಬಂದರೆ ಮನೆಗೆ ಬೀಗ. ಬೀಗದ ಕೈ ಕೊಟ್ಟ ಬಳೆ ಸಾಬರು, "ರೈಲಿಗೆ ಹೋದ್ರು ಭಾಯ್, ಇಬ್ರೂ" ಎಂದರು. ಸೊಪ್ಪನ್ನು ಅವರ ಜಗುಲಿಯ ಮೇಲೆ ಹಾಕಿ ಓಡಿದೆ.

ನಮ್ಮೂರಿನ ರೈಲು ಸಣ್ಣ ರೈಲು, ಆಟದ ಸಾಮಾನಿನಂಥದ್ದು. ನಿಲ್ದಾಣದಲ್ಲಿ ನನ್ನ ಹೆಂಡತಿ ಗೆಳತಿಯ ಭುಜ ಹಿಡಿದು ನಿಂತಿದ್ದಳು. ಕಾಲು ನೇರ ಊರಲಾಗುತ್ತಿರಲಿಲ್ಲ.

"ಎಲ್ಲಿಗೆ?" ಎಂದೆ, ಗೊತ್ತಿದ್ದೂ.

"ಕೋಲಾರಕ್ಕೆ. ನೀವು ಷಾಪಿಗೆ ಹೋಗಿ, ಹೊತ್ತಾಯ್ತು."

"ಹಿಂಗೆ ಹೇಳ್ದೆ ಕೇಳ್ದೆ..."

ಗೆಳತಿ ನಡುವೆ ಬಂದಳು. "ಭಾಯ್, ಬರೋದಾದ್ರೆ ಹತ್ತಿ. ಬರಾಕಿಲ್ಲ ಅಂದ್ರೆ ದಾರಿ ಬಿಡಿ. ಅಕ್ಕನ್ನ ಎತ್ತಿ ಹತ್ತಿಸ್ಬೇಕು."

ನಾನು ಎತ್ತಿ ಹತ್ತಿಸಿದೆ. ಕೆಳಗಿಳಿಯಲು ಮನಸ್ಸಾಗದೆ ನಾನೂ ಉಳಿದೆ. ಗಾಡಿ ಹೊರಟ ಮೇಲೆ ಜೇಬು ಮುಟ್ಟಿಕೊಂಡರೆ ಷಾಪಿನ ಬೀಗದ ಕೈ ನನ್ನಲ್ಲೇ ಇತ್ತು. ಅಲ್ಲಿ ಡಾಕ್ಟರು ಮುಚ್ಚಿದ ಬಾಗಿಲೆದುರು ನಿಂತಿರುತ್ತಾರೆ ಎಂದು ನೆನೆದು ಬೆವರಿದೆ. ಹೆಂಗಸರಿಬ್ಬರೂ ನನ್ನ ಪೆಚ್ಚುಮೋರೆ ನೋಡಿ ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು.

ಲೇಡಿ ಡಾಕ್ಟರು ನಡುವಯಸ್ಸಿನವರು, ನೆಲ್ಲೂರಿನ ಕಡೆಯ ತೆಲುಗು. ನಾನು ಅಭ್ಯಾಸಬಲದಿಂದ ಮುಂದೆ ನಿಂತು, "ನಾನು ಕಾಂಪೌಂಡರು ಮೇಡಂ. ಇವಳಿಗೆ..." ಎಂದು ಶುರುಮಾಡಿದೆ.

"ಕಾಯಿಲೆ ನಿಮಗೋ, ಈಕೆಗೋ?" ಎಂದರು.

"ಇವಳಿಗೆ."

"ಹಾಗಿದ್ರೆ ನೀವು ಹೊರಗೆ ಕೂತ್ಕೊಳ್ಳಪ್ಪಾ."

ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತೆ. ಬಾಗಿಲಿನಾಚೆ ನನ್ನ ಹೆಂಡತಿಯ ದನಿ. ಮಾತು ಕೇಳಿಸದು, ದನಿ ಮಾತ್ರ. ಏರುತ್ತಿತ್ತು, ಇಳಿಯುತ್ತಿತ್ತು, ನಡುನಡುವೆ ಡಾಕ್ಟರ ಒಂದು ಚಿಕ್ಕ ಪ್ರಶ್ನೆ, ಮತ್ತೆ ಇವಳ ದನಿ. ಒಮ್ಮೆ ಅತ್ತಂತಾಯಿತು. ಒಮ್ಮೆ ಇಬ್ಬರೂ ನಕ್ಕರು. ಇಷ್ಟೊಂದು ಮಾತು ಇವಳೊಳಗೆ ಎಲ್ಲಿತ್ತು ಎಂದುಕೊಂಡೆ.

ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತ ಬಳೆ ಸಾಬರ ಹೆಂಡತಿ ಕೇಳಿದಳು: "ಏನ್ ಭಾಯ್, ಬಾಯಿ ಮುಚ್ಕೊಂಡು ಕೂರೋದು ಕಷ್ಟ ಆಗ್ತದಾ?"

ಕೊನೆಗೆ ಒಳಗೆ ಕರೆದರು. ನನ್ನ ಹೆಂಡತಿಯನ್ನು "ಇವರಿಗೆ ಹೇಳಬಹುದಾಮ್ಮಾ?" ಎಂದು ತೆಲುಗಿನಲ್ಲಿ ಕೇಳಿ, ಅವಳು ತಲೆಯಾಡಿಸಿದ ಮೇಲೆಯೇ ನನ್ನ ಕಡೆ ತಿರುಗಿದರು.

"ತಲೆ ಬಗ್ಗಿಸಿದಾಗ ಈಕೆಗೆ ಬೆನ್ನಲ್ಲಿ ಮಿಂಚು ಇಳಿದಂತಾಗುತ್ತೆ. ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ.

"ಮೊದಲು ಕಣ್ಣು ಹೋಗಿ ಬಂತು. ಆಮೇಲೆ ಕಾಲು. ಬಿಸಿ ತಾಕಿದ್ರೆ ಜಾಸ್ತಿ. ಇದೆಲ್ಲ ಸೇರಿಸಿ ನೋಡಿದ್ರೆ ಮೆದುಳು, ಬೆನ್ನುಹುರಿಯ ನರಗಳು ಅಲ್ಲಲ್ಲಿ ಕೆಡೋ ಒಂದು ಕಾಯಿಲೆ ಇದೆ, ಅದಿರಬಹುದು. ಪುಸ್ತಕದಲ್ಲಿ ಓದಿದೀನಿ, ಕಣ್ಣಲ್ಲಿ ಕಂಡದ್ದು ಕಡಿಮೆ. ನಮ್ಮ ಕಡೆ ಅಪರೂಪ ಅಂತಾರೆ. ಇದೇ ಅಂತ ಆಣೆ ಮಾಡಿ ಹೇಳಲಾರೆ. ಬರುತ್ತೆ, ಹೋಗುತ್ತೆ, ಹೋಗುವಾಗ ಸ್ವಲ್ಪ ಕೆಡಿಸಿ ಹೋಗುತ್ತೆ. ವಾಸಿ ಮಾಡೋ ಮದ್ದು ನನ್ನ ಹತ್ರ ಇಲ್ಲ."

ಬಿಸಿನೀರು ಬೇಡ, ಕಾವು ಬೇಡ, ಒಲೆಯ ಕೆಲಸ ತಂಪುಹೊತ್ತಿನಲ್ಲೇ ಮುಗಿಯಲಿ, ದಣಿವಾದರೆ ಮಲಗಲು ಬಿಡಿ ಎಂದರು. ಯಾವ ಕೆಲಸ ಬಿಟ್ಟರೆ ನಿನಗೆ ದುಃಖವಾಗುತ್ತದೆ ಎಂದು ಅವಳನ್ನು ಕೇಳಿದ್ದರಂತೆ. ಮುದ್ದೆ ತೊಳಸುವುದು ಎಂದಿದ್ದಳು. ನಿಂತು ತೊಳಸಬೇಡ, ಒಲೆಯನ್ನು ನೆಲಕ್ಕಿಳಿಸಿ ಕುಳಿತು ತೊಳಸು, ಗಂಡ ಪಾತ್ರೆ ಹಿಡಿಯಲಿ ಎಂದರು.

ಹಿಂತಿರುಗುವಾಗ ರೈಲಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. "ಮದ್ದಿಲ್ಲ ಅನ್ನೋ ಡಾಕ್ಟ್ರು ಎಂಥ ಡಾಕ್ಟ್ರು?"

"ನನ್ನ ಡಾಕ್ಟ್ರು" ಎಂದಳು. "ಗೊತ್ತಿರೋದು ಗೊತ್ತು ಅಂದ್ಲು, ಗೊತ್ತಿಲ್ದಿದ್ದು ಗೊತ್ತಿಲ್ಲ ಅಂದ್ಲು. ಎಲ್ಲಾ ಗೊತ್ತಿರೋ ಡಾಕ್ಟ್ರು ನನ್ನ ಕಾಲು ಸುಟ್ರು."

"ಸುಟ್ಟಿದ್ದು ಅವರಲ್ಲ."

ಅವಳು ನನ್ನ ಕಡೆ ತಿರುಗಿದಳು.

"ನಾನು. ತಿಮ್ಮಿರಿ ಅಂದ್ರೆ ಏನು ಅಂತ ಅವರಿಗೆ ಹೇಳಲೇ ಇಲ್ಲ. ನೋವು ಅಂದುಬಿಟ್ಟೆ. ಆಮೇಲೆ ನಿನ್ನ ಮೇಲೆ ಹಾಕಿದೆ."

ಬಳೆ ಸಾಬರ ಹೆಂಡತಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದಳು. ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿದಳು. ಮಾವಿನ ತೋಪುಗಳು ಬಂದವು, ಹೋದವು.

"ನಂಗೆ ಗೊತ್ತಿರೋದನ್ನೇ ನಂಗೆ ಹೇಳಿದ್ರೆ ಏನು ಬಂತು?" ಎಂದಳು. "ಅವರಿಗೆ ಹೇಳಿ."

ಒಳಗೆ ಅಷ್ಟು ಹೊತ್ತು ಏನೇನು ಹೇಳಿದೆ ಎಂದು ಕೇಳಿದೆ.

"ಅದು ನಂಗೂ ಆಯಮ್ಮಂಗೂ ಇರೋ ಮಾತು."

ಮಾರನೆಯ ದಿನ ಷಾಪಿನಲ್ಲಿ ಡಾಕ್ಟರು ಬೀಗದ ವಿಷಯ ಎತ್ತುವ ಮೊದಲೇ ಎಲ್ಲ ಹೇಳಿದೆ. ತಿಮ್ಮಿರಿಯ ಅರ್ಥ, ನಾನು ನಕ್ಕದ್ದು, ನೋವು ಎಂದದ್ದು, ಅವಳ ಮೇಲೆ ಹೊರಿಸಿದ್ದು. ಬೈಯುತ್ತಾರೆ, ಕೆಲಸ ಬಿಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಮೇಜಿನ ಮೇಲಿದ್ದ ಸ್ಟೆತಾಸ್ಕೋಪನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

"ಆಯಮ್ಮ ತಾನಾಗಿ ಹೇಳಿದಾಗ ನಾನು ನಕ್ಕೆ" ಎಂದರು. "ನಂದೂ ತಪ್ಪೇ." ಸ್ಟೆತಾಸ್ಕೋಪನ್ನು ಕೆಳಗಿಟ್ಟು ಕೇಳಿದರು: "ಇಷ್ಟು ವರ್ಷದಲ್ಲಿ ಎಷ್ಟು ಜನದ ಮಾತು ಹಿಂಗೆ ಕತ್ತರಿಸಿದೀಯಯ್ಯಾ?"

ಆ ಪ್ರಶ್ನೆ ನೆನೆದಾಗಲೆಲ್ಲ ಗೌನಿಪಲ್ಲಿಯಿಂದ, ರಾಯಲ್ಪಾಡಿನಿಂದ ನಡೆದು ಬಂದವರು, ಎಮ್ಮೆಯಿಂದ ಕಥೆ ಶುರುಮಾಡಿದವರು, ಎಲ್ಲರೂ ಬೆಂಚಿನ ಮೇಲೆ ಕುಳಿತ ಹಾಗೇ ಕಣ್ಣಿಗೆ ಬರುತ್ತಾರೆ. ಡಾಕ್ಟರು ಆ ಮೇಲೆ ಮುರುಕು ತೆಲುಗಿನಲ್ಲಿ ತಾವೇ ಕೇಳತೊಡಗಿದರು. ರೋಗಿಗಳು ಅವರ ತೆಲುಗಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಮನಸ್ಸು ಬಿಚ್ಚಿ ಹೇಳುತ್ತಿದ್ದರು.

ನನ್ನ ಹೆಂಡತಿಯ ಡಾಕ್ಟರು ಮಾತ್ರ ಕೋಲಾರದವರೇ. ವರ್ಷಕ್ಕೆ ಕೆಲವು ಸಲ ಸಣ್ಣ ರೈಲು ಹತ್ತಿಸುವುದು, ಕಲ್ಲುಬೆಂಚಿನ ಮೇಲೆ ಕೂರುವುದು ನನ್ನ ಪಾಲು. ಒಮ್ಮೆ ಒಂದು ಇಂಜೆಕ್ಷನ್ ಕೊಟ್ಟು ನೋಡೋಣ ಎಂದರಂತೆ. ಅದು ಇವಳಿಗೆ ಒಗ್ಗದೆ ವಾಂತಿಯಾಗಿ ಮೂಲೆ ಹಿಡಿದಳು. ಇನ್ನು ಬೇಡ ಎಂದು ಇವಳು ಹೇಳಿದ್ದೇ ತಡ, ನಿಲ್ಲಿಸಿದರು. ಇವಳು ಬೇಡವೆಂದದ್ದಕ್ಕೆ ಮುಖ ಸಣ್ಣ ಮಾಡಲಿಲ್ಲ. ಕಾಯಿಲೆ ನಿಲ್ಲಲಿಲ್ಲ. ಪ್ರತಿ ಸಲ ಬಂದು ಹೋಗುವಾಗ ಏನಾದರೊಂದನ್ನು ಎತ್ತಿಕೊಂಡು ಹೋಗುತ್ತಿತ್ತು. ಆದರೂ ಆಸ್ಪತ್ರೆಯಿಂದ ಹೊರಗೆ ಬರುವಾಗ ಅವಳ ಮುಖ ತವರಿನಿಂದ ಬಂದ ಹಾಗಿರುತ್ತಿತ್ತು.

ಯುದ್ಧ ಮುಗಿದ ಮೇಲೆ ರೋಗ ನಾಲಗೆಗೆ ಬಂತು. ಮಾತು ತೊದಲಿತು, ಎಳೆಯಿತು. ಮನೆಯವರಾದ ನಮಗೆ ಹೇಗೋ ತಿಳಿಯುತ್ತಿತ್ತು, ಹೊರಗಿನವರಿಗೆ ಇಲ್ಲ. ಅಂಥ ಒಂದು ದಿನ ಕೋಲಾರದಲ್ಲಿ ನಾನು ಎಂದಿನಂತೆ ಹೊರಗೆ ಕುಳಿತಿದ್ದೆ. ಬಾಗಿಲು ತೆರೆದು ಲೇಡಿ ಡಾಕ್ಟರೇ ಬಂದರು.

"ಏನು ಹೇಳ್ತಿದ್ದಾರೋ ನಂಗೆ ತಿಳೀತಿಲ್ಲ. ನಿಮ್ಮನ್ನ ಕರೀ ಅಂತ ಬಾಗಿಲು ತೋರಿಸ್ತಿದ್ದಾರೆ. ಬನ್ನಿ."

ಒಳಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಅವಳು ಮಾತು ಶುರುಮಾಡಿದಳು. ಕಾಲುಭಾಗ ಕೇಳುವಷ್ಟರಲ್ಲಿ ನನಗೆ ಸಾರ ಸಿಕ್ಕಿತು. "ಕೈ ನಡುಗುತ್ತೆ ಅಂತ ಮೇಡಂ" ಎಂದೆ.

ಅವಳು ನನ್ನ ಮಂಡಿಯ ಮೇಲೆ ಪಟ್ ಎಂದು ಹೊಡೆದಳು. ನಾನು ಬಾಯಿ ಮುಚ್ಚಿದೆ. ಅವಳು ಮೊದಲಿನಿಂದ ಹೇಳಿದಳು. ಒಂದೊಂದು ಪದಕ್ಕೂ ಕಾಯಬೇಕಿತ್ತು. ನಾನು ಕಾದೆ, ಒಂದೊಂದನ್ನೂ ಹಾಗೆಯೇ ದಾಟಿಸಿದೆ: ಬಳೆ ಸಾಬರ ಹೆಂಡತಿ ಹಸಿರು ಬಳೆ ತೊಡಿಸುತ್ತಿದ್ದಳು, ಕೈ ನಿಲ್ಲಲಿಲ್ಲ, ಇದು ಯಾರ ಕೈ ಅಕ್ಕಾ, ಕೋಳಿಯದಾ ಎಂದು ಅವಳು ಕೇಳಿದಳು, ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಬೆಳಿಗ್ಗೆ ಈ ಕೈ ತನ್ನದೇ ಅನಿಸುತ್ತದೆ, ಬಿಸಿಲೇರಿದ ಮೇಲೆ ಯಾರದೋ ಅನಿಸುತ್ತದೆ, ಬಳೆ ಎರಡು ಒಡೆದವು, ನಗುವಾಗ ಮಾತ್ರ ಮಾತು ಸಲೀಸಾಗಿ ಬಂತು.

ಡಾಕ್ಟರು ಮುಂದಕ್ಕೆ ಬಾಗಿದರು. "ನಗುವಾಗಲಾ? ಇನ್ನೊಂದು ಸಲ ಹೇಳೋಕೆ ಹೇಳಿ."

ನಾನು ಅವಳನ್ನು ಕೇಳಿದೆ. ಅವಳು ಉಸಿರು ಎಳೆದುಕೊಂಡು, ಮತ್ತೆ ಹಸಿರು ಬಳೆಯಿಂದಲೇ ಶುರುಮಾಡಿದಳು. ನಾನೂ ಹಸಿರು ಬಳೆಯಿಂದಲೇ ಶುರುಮಾಡಿದೆ.